ಎಲ್ಲೆಯ ಮರ, ನಲ್ಲೂರಿನ ತೋಪು



ಇವತ್ತು ಗೊಬ್ಬರದ ಮಾತಿಲ್ಲ, ಬಿತ್ತನೆಯ ಮಾತಿಲ್ಲ, ಹುಳದ ಔಷಧಿಯ ಮಾತೂ ಇಲ್ಲ. ಇವತ್ತು ಹಳೆಯ ಮರಗಳ ಮಾತು. ಮರದ ಮಾತೆಂದರೆ ಕೆಲಸಕ್ಕೆ ಬಾರದ ಮಾತೆಂದು ಎದ್ದು ಹೋಗಬೇಡಿ. ಕಡೆಗೆ ಇದು ನಿಮ್ಮ ಹೊಲದ ಬದುವಿಗೇ ಬಂದು ನಿಲ್ಲುವ ಮಾತು.

ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಹೊಲದ ಮೂಡಲ ಎಲ್ಲೆ ಎಲ್ಲಿಯ ತನಕ ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಸರ್ವೆ ನಂಬರು, ಎಕರೆ, ಗುಂಟೆ ಎಲ್ಲಾ ಆಮೇಲೆ. ಮೊದಲು ಕೈ ಚಾಚಿ, "ಅಗೋ, ಆ ಹುಣಸೇಮರದ ತನಕ ನಮ್ಮದು" ಅನ್ನುತ್ತೀರಿ. ನಿಮ್ಮ ತಂದೆಯೂ ಹಾಗೇ ತೋರಿಸಿದ್ದರು, ಅವರ ತಂದೆಯೂ ಹಾಗೇ ತೋರಿಸಿದ್ದರು. ಅಣ್ಣತಮ್ಮಂದಿರು ಭಾಗ ಮಾಡಿಕೊಳ್ಳುವಾಗ, ಹಿಡುವಳಿ ಕೈ ಬದಲಾಗುವಾಗ, ಬದು ಜರುಗಿಸಿದ ಜಗಳ ಪಂಚಾಯತಿಗೆ ಬಂದಾಗ, ಬಾಯಿಲ್ಲದ ಆ ಮರವೇ ಸಾಕ್ಷಿ ಹೇಳುತ್ತದೆ. ಅದನ್ನು ಕಡಿದುಹಾಕಿದ ಊರಿನಲ್ಲಿ ನೋಡಿ, ಎರಡು ವರ್ಷ ಕಳೆಯುವುದರೊಳಗೆ ಬದು ಒಂದು ಮಾರು ಆಚೆಗೋ ಈಚೆಗೋ ನಡೆದುಬಿಟ್ಟಿರುತ್ತದೆ. ಆಮೇಲೆ ವಕೀಲರ ಮನೆಗೆ ದಾರಿ. ಇಂಥದ್ದು ನಿಮ್ಮೂರಲ್ಲೂ ನಡೆದಿದ್ದೀತು.

ಮರವನ್ನು ಎಲ್ಲೆಗೆ ಹಿಡಿಯುವುದು ನಿನ್ನೆ ಮೊನ್ನೆಯ ಪದ್ಧತಿಯಲ್ಲ. ನೆಲಮಂಗಲ ತಾಲ್ಲೂಕಿನಲ್ಲಿ ಮಣ್ಣೆ ಎಂಬ ಊರಿದೆ, ನೋಡಿದ್ದೀರಲ್ಲವೇ? ಈಗ ಅದು ಹೊಲಗದ್ದೆಗಳ ನಡುವಿನ ಸಾಮಾನ್ಯ ಹಳ್ಳಿ. ಆದರೆ ಎಂಟನೇ ಶತಮಾನದಲ್ಲಿ ಅದರ ಹೆಸರು ಮಾನ್ಯಪುರ. ಗಂಗರ ದೊರೆ ಶ್ರೀಪುರುಷನು ಅಲ್ಲಿ ತನ್ನ ಬಿಡಾರವನ್ನು ಸ್ಥಾಪಿಸಿಕೊಂಡು ಆಳುತ್ತಿದ್ದನು. ಗಂಗರು ಊರನ್ನೋ ಗದ್ದೆಯನ್ನೋ ದಾನ ಕೊಟ್ಟಾಗ ತಾಮ್ರದ ತಗಡಿನ ಮೇಲೆ ಬರೆಯಿಸಿ ಕೊಡುತ್ತಿದ್ದರು. ಆ ಬರಹದಲ್ಲಿ ಒಂದು ಸ್ವಾರಸ್ಯವಿದೆ. ರಾಜರ ಹೊಗಳಿಕೆ, ವಂಶಾವಳಿ, ದಾನದ ಪುಣ್ಯ ಇವೆಲ್ಲಾ ಸಂಸ್ಕೃತದಲ್ಲಿ. ಆದರೆ ಭೂಮಿಯ ಎಲ್ಲೆ ಹೇಳುವ ಜಾಗ ಬಂತೆಂದರೆ ಎಷ್ಟೋ ಶಾಸನಗಳಲ್ಲಿ ಭಾಷೆ ಕನ್ನಡಕ್ಕೆ ತಿರುಗುತ್ತದೆ. ಮೂಡಲಿಗೆ ಇಂಥ ಮರ, ತೆಂಕಲಿಗೆ ಇಂಥ ಹುತ್ತ, ಪಡುವಲಿಗೆ ಇಂಥ ಬಂಡೆ, ಬಡಗಲಿಗೆ ಇಂಥ ಹಳ್ಳ ಎಂದು ಬರೆದಿದ್ದಾರೆ. ಯಾಕೆ ಹೀಗೆ? ರಾಜನ ಹೊಗಳಿಕೆ ಪಂಡಿತರಿಗೆ ತಿಳಿದರೆ ಸಾಕು. ಎಲ್ಲೆ ಮಾತ್ರ ಉಳುವವನಿಗೆ ತಿಳಿಯಬೇಕು. ನಾಳೆ ಜಗಳವಾದರೆ ಅದನ್ನು ನಡೆದು ತೋರಿಸಬೇಕಾದವನು ಅವನು. ಹೀಗೆ ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ನಮ್ಮ ಸೀಮೆಯ ಮರಗಳೂ ಬಂಡೆಗಳೂ ಕನ್ನಡದಲ್ಲಿ ದಾಖಲೆಗೆ ಹತ್ತಿದವು.

ಇನ್ನು ನಮ್ಮ ಸೀಮೆಯನ್ನೇ ಸ್ವಲ್ಪ ಎತ್ತರದಿಂದ ನೋಡೋಣ. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯಿಂದ ಬಡಗಲಿಗೆ ತಲೆಯೆತ್ತಿದರೆ ನಂದಿಬೆಟ್ಟ ಕಾಣುತ್ತದೆ. ಎತ್ತರ ಸುಮಾರು 4,850 ಅಡಿ. ಆ ಬೆಟ್ಟದ ಸಾಲು ಒಂದು ಮನೆಯ ಮಾಳಿಗೆ ಇದ್ದ ಹಾಗೆ. ಮಾಳಿಗೆಯ ಮೇಲೆ ಬಿದ್ದ ಮಳೆ ಯಾವ ಕಡೆಗೆ ಇಳಿಯಿತೋ ಆ ಕಡೆಯ ನಾಡಿಗೆ ಸೇರಿತು. ಪಡುವಲ ಕಡೆಗೆ ಇಳಿದದ್ದು ಅರ್ಕಾವತಿ. ಅದು ದೊಡ್ಡಬಳ್ಳಾಪುರ, ಹೆಸರಘಟ್ಟದ ಮೇಲೆ ಹರಿದು ಕಾವೇರಿಗೆ ಸೇರಬೇಕು. ತೆಂಕಲಿಗೆ ಇಳಿದದ್ದು ದಕ್ಷಿಣ ಪಿನಾಕಿನಿ. ಅದು ಹೊಸಕೋಟೆಯ ಕಡೆಯಿಂದ ಹಾಯ್ದು ತಮಿಳುನಾಡಿಗೆ ಹೋಗಿ ಕಡಲೂರಿನ ಹತ್ತಿರ ಸಮುದ್ರಕ್ಕೆ ಬೀಳುತ್ತದೆ. ಬಡಗಲಿಗೆ ಇಳಿದದ್ದು ಉತ್ತರ ಪಿನಾಕಿನಿ. ಅದು ಗೌರಿಬಿದನೂರಿನ ಮೇಲೆ ಆಂಧ್ರಕ್ಕೆ ದಾಟಿ ನೆಲ್ಲೂರಿನ ಕಡೆ ಸಮುದ್ರ ಮುಟ್ಟುತ್ತದೆ. ಒಂದೇ ಮೋಡದ ನೀರು ಮೂರು ಭಾಷೆಯ ಜನ ಕುಡಿಯುತ್ತಾರೆ. ಇಂದು ಈ ಹೊಳೆಗಳು ವರ್ಷದ ಬಹುಕಾಲ ಮರಳಾಗಿ ಮಲಗಿವೆ, ಅದು ಬೇರೆ ದುಃಖದ ಮಾತು. ನೆಲಮಂಗಲದ ಶಿವಗಂಗೆ ಬೆಟ್ಟವೂ ಹೀಗೇ ನೀರಿನ ತಾಯಿ. ಕುಮುದ್ವತಿ ಹೊಳೆ ಅಲ್ಲಿ ಹುಟ್ಟಿ ಅರ್ಕಾವತಿಯನ್ನು ಕೂಡಿಕೊಳ್ಳುತ್ತದೆ.

ನೀರು ಮೂರು ಕಡೆ ಹರಿಯುವ ನೆಲ ಎಂದರೆ ರಾಜರೂ ಮೂರು ಕಡೆಯಿಂದ ಬರುವ ನೆಲ. ಗಂಗರು ಆಳಿದರು. ಕ್ರಿಸ್ತಶಕ 1004ರ ಸುಮಾರಿಗೆ ಚೋಳರು ತಲಕಾಡನ್ನು ಹಿಡಿದು ಗಂಗರ ಆಳ್ವಿಕೆಯನ್ನು ಮುಗಿಸಿದರು. ನೂರು ವರ್ಷಕ್ಕೂ ಮೇಲೆ ಈ ಸೀಮೆ ಚೋಳರ ಕೈಯಲ್ಲಿತ್ತು. 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನನು ಚೋಳರನ್ನು ಹೊಡೆದಟ್ಟಿದನು. ಮತ್ತೆ ಹದಿಮೂರನೇ ಶತಮಾನದಲ್ಲಿ ಹೊಯ್ಸಳ ರಾಜ್ಯ ಎರಡು ಪಾಲಾದಾಗ, ತಮಿಳುಸೀಮೆಯಿಂದ ಆಳುತ್ತಿದ್ದ ರಾಮನಾಥನ ಪಾಲಿಗೆ ಈ ಮೂಡಲ ಭಾಗ ಬಿತ್ತು. ಅದಕ್ಕೇ ಹೊಸಕೋಟೆ, ದೇವನಹಳ್ಳಿ, ನೆಲಮಂಗಲದ ಹಳ್ಳಿಗಳಲ್ಲಿ ಕನ್ನಡ ಶಾಸನಗಳ ಪಕ್ಕದಲ್ಲೇ ತಮಿಳು ಶಾಸನಗಳೂ ನಿಂತಿವೆ. ಬಿ. ಎಲ್. ರೈಸ್ ಎಂಬ ವಿದ್ವಾಂಸರು ಊರೂರು ತಿರುಗಿಸಿ ಈ ಕಲ್ಲುಗಳನ್ನೆಲ್ಲಾ ಓದಿಸಿ, ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು 1905ರಲ್ಲಿ ಅಚ್ಚು ಹಾಕಿಸಿದರು.

ಇಂಥ ಗಡಿಸೀಮೆಯ ನಡುವೆ ಒಂದು ತೋಪು ಇದೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು. ಇವತ್ತಿನ ಮಾತಿನ ಮುಖ್ಯ ವಿಷಯ ಅದು.

ಊರ ಹೆಸರನ್ನೇ ಮೊದಲು ನೋಡಿ. 'ನಲ್' ಎಂದರೆ ಒಳ್ಳೆಯದು. ತಮಿಳಿನವರು ಇದು ನಮ್ಮ ಮಾತು ಅನ್ನುತ್ತಾರೆ. ಆದರೆ ನಲ್ಮೆ, ನಲ್ಲ, ನಲ್ಲೆ ಎಂಬ ಮಾತುಗಳು ಕನ್ನಡದಲ್ಲೂ ಇವೆಯಷ್ಟೆ. ಹೆಸರೇ ಎರಡು ಭಾಷೆಯ ಎಲ್ಲೆಯಲ್ಲಿ ಕಾಲಿಟ್ಟು ನಿಂತಿದೆ.

ತೋಪಿನ ವಿಸ್ತಾರ ಸುಮಾರು 54 ಎಕರೆ. ಅದರಲ್ಲಿ ಮುನ್ನೂರರ ಹತ್ತಿರ ಹಳೆಯ ಹುಣಸೇಮರಗಳು. ಒಂದೊಂದು ಮರದ ಬುಡ ನೋಡಿದರೆ ಅದು ಮರದ ಹಾಗೆ ಕಾಣುವುದಿಲ್ಲ, ಹಗ್ಗ ಹೊಸೆದು ನಿಲ್ಲಿಸಿದ ಹಾಗೆ, ಏಣು ಏಣಾಗಿ, ಗಂಟು ಗಂಟಾಗಿ, ಬಂಡೆಯ ಹಾಗೆ ಕಾಣುತ್ತದೆ. ಕೆಲವು ಬುಡಗಳ ಒಳಗೆ ಪೂರ್ತಿ ಟೊಳ್ಳು, ಒಬ್ಬ ಆಳು ಒಳಗೆ ಹೋಗಿ ನಿಲ್ಲಬಹುದು. ಕೆಲವು ಮರಗಳು ಯಾವಾಗಲೋ ಮಗುಚಿ ಬಿದ್ದು, ಬಿದ್ದಲ್ಲೇ ಚಿಗುರಿ, ಚಿಗುರು ಮತ್ತೆ ಮರವಾಗಿ ನಿಂತಿವೆ. ತೋಪಿನ ನಡುವೆ ಹಳೆಯ ಗುಡಿಗಳ ಹಾಳು ಬಿದ್ದ ಕಲ್ಲುಗಳಿವೆ. ಅದರಲ್ಲಿ ನಡುವಿನ ಗುಡಿ ಚನ್ನಕೇಶವನದು ಎಂದು ಹೇಳುತ್ತಾರೆ.

ಈ ತೋಪನ್ನು ಚೋಳರು ಹಾಕಿಸಿದರು, ಎಂಟುನೂರು ವರ್ಷವಾಯಿತು ಎಂಬುದು ವಾಡಿಕೆಯ ಮಾತು. ಈ ಮಾತನ್ನು ಸ್ವಲ್ಪ ತೂಗಿ ನೋಡೋಣ. ನಮ್ಮ ಕಡೆ ಹಳೆಯ ಗುಡಿ, ಹಳೆಯ ಕೆರೆ ಏನು ಕಂಡರೂ "ಚೋಳರ ಕಾಲದ್ದು" ಎನ್ನುವುದು ರೂಢಿ. ಈಗ ಎಂಟುನೂರು ವರ್ಷ ಹಿಂದಕ್ಕೆ ಎಣಿಸಿದರೆ ಎಲ್ಲಿಗೆ ಬರುತ್ತದೆ? ಕ್ರಿಸ್ತಶಕ 1225ರ ಆಸುಪಾಸಿಗೆ. ಅಷ್ಟು ಹೊತ್ತಿಗೆ ಚೋಳರು ಇಲ್ಲಿಂದ ಕಾಲು ಕಿತ್ತು ನೂರು ವರ್ಷವಾಗಿತ್ತು, ಆಗ ಹೊಯ್ಸಳರ ಕಾಲ. ನಿಜವಾಗಿ ಚೋಳರೇ ಹಾಕಿಸಿದ್ದಾದರೆ ಒಂಬೈನೂರು ವರ್ಷ ದಾಟಿರಬೇಕು. ಎಂಟುನೂರೇ ಸರಿಯಾದರೆ ಹಾಕಿಸಿದವರು ಚೋಳರಾಗಲಾರರು. ಎರಡೂ ಒಟ್ಟಿಗೆ ನಿಜವಾಗುವುದು ಕಷ್ಟ. ಚನ್ನಕೇಶವ ಎಂಬ ಹೆಸರೇನೋ ಹೊಯ್ಸಳರಿಗೆ ಪ್ರಿಯವಾದದ್ದು. ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ಪ್ರತಿಷ್ಠೆ ಮಾಡಿಸಿದ ದೇವರ ಹೆಸರೂ ಅದೇ. ಹಾಗೆಂದು ಬರೀ ದೇವರ ಹೆಸರಿನಿಂದ ಕಾಲ ಕಟ್ಟಲಾಗದು.

ಸರಿ, ಮರವನ್ನೇ ಕೇಳೋಣ ಎಂದರೆ ಅಲ್ಲಿ ಇನ್ನೊಂದು ತೊಡಕು. ಕಡಿದ ಮರದ ಬುಡದಲ್ಲಿ ಬಳೆ ಬಳೆಯಾಗಿ ಗೆರೆಗಳಿರುತ್ತವೆ, ಅವನ್ನು ಎಣಿಸಿ ಎಷ್ಟೋ ಮರಗಳ ವಯಸ್ಸು ಹೇಳುತ್ತಾರೆ. ನಮ್ಮ ಬಿಸಿಲುಸೀಮೆಯ ಮರಗಳಲ್ಲಿ ಆ ಗೆರೆಗಳು ಸ್ಪಷ್ಟವಾಗಿರುವುದಿಲ್ಲ. ಅದಕ್ಕಾಗಿ ವಿಜ್ಞಾನಿಗಳು ಬೇರೆ ದಾರಿ ಹಿಡಿದಿದ್ದಾರೆ. ಮರ ಬದುಕಿದ್ದಾಗ ಗಾಳಿಯಿಂದ ಇಂಗಾಲವನ್ನು ಎಳೆದುಕೊಂಡು ಕಾಂಡ ಕಟ್ಟುತ್ತದೆ. ಆ ಇಂಗಾಲದಲ್ಲಿ ಒಂದು ಜಾತಿಯದು ವರ್ಷ ಕಳೆದಂತೆ ಒಂದೇ ಲೆಕ್ಕದಲ್ಲಿ ಕರಗುತ್ತಾ ಹೋಗುತ್ತದೆ. ಕಾಂಡದ ಚೂರಿನಲ್ಲಿ ಅದು ಎಷ್ಟು ಉಳಿದಿದೆಯೆಂದು ಅಳೆದರೆ ಆ ಭಾಗ ಬೆಳೆದು ಎಷ್ಟು ವರ್ಷವಾಯಿತೆಂದು ತಿಳಿಯುತ್ತದೆ. ನಲ್ಲೂರಿನ ಒಂದು ಮರಕ್ಕೆ ಈ ಪರೀಕ್ಷೆ ನಡೆದು, ನಾನೂರು ವರ್ಷದ ಸುಮಾರು ಎಂದು ಬಂದಿದೆ.

ಹಾಗಾದರೆ ಜನರ ಮಾತು ಪೂರಾ ಸುಳ್ಳೇ? ಅವಸರ ಬೇಡ. ಹಳೆಯ ಹುಣಸೆಯ ಬುಡ ಟೊಳ್ಳು ಎಂದೆನಲ್ಲ, ಆ ಟೊಳ್ಳಿನಲ್ಲೇ ಉತ್ತರವಿದೆ. ಮರ ದಪ್ಪವಾಗುವುದು ಹೊರಮೈಯಲ್ಲಿ. ಎಲ್ಲಕ್ಕಿಂತ ಹಳೆಯ ಭಾಗ ನಡುವಿನ ತಿರುಳು. ಮೊದಲು ಕೊಳೆತು ಉದುರುವುದೂ ಅದೇ. ಈಗ ಅಳೆಯುವುದಕ್ಕೆ ಸಿಕ್ಕುವುದು ಉಳಿದ ಹೊರಭಾಗ ಮಾತ್ರ. ಇನ್ನೊಂದು ಸಂಗತಿಯೂ ಉಂಟು. ಈ ತೋಪಿನಲ್ಲಿ ಮೂರು ತಲೆಮಾರಿನ ಮರಗಳಿವೆ ಎಂದು ನೋಡಿದವರು ಹೇಳುತ್ತಾರೆ: ಬಹಳ ಹಳೆಯವು, ನಡುವಯಸ್ಸಿನವು, ಪ್ರಾಯದವು. ಪ್ರಾಯದ ಮರಗಳು ಹಳೆಯ ಮರಗಳ ಬುಡದಿಂದಲೇ ಚಿಗುರಿ ಎದ್ದವು ಎಂಬುದು ಅವರ ಅಭಿಪ್ರಾಯ. ಕೂಳೆ ಕಬ್ಬು ನಿಮಗೆ ಗೊತ್ತಿಲ್ಲವೇ? ನೀವು ಕಡಿದದ್ದು ಹೋದ ವರ್ಷದ ಕಬ್ಬು, ಈ ವರ್ಷ ನಿಂತಿರುವುದು ಹೊಸ ಕಬ್ಬು, ಆದರೆ ಬೇರು ಹಳೆಯದೇ. ಹಾಗೆಯೇ ಇಲ್ಲಿ ಕಾಂಡಕ್ಕೆ ನಾನೂರು ವರ್ಷವಾಗಿದ್ದರೂ ಬೇರಿನ ವಯಸ್ಸು ಇನ್ನೂ ಹಿಂದಿನದಿರಬಹುದು. ತೋಪಿನ ವಯಸ್ಸೇ ಬೇರೆ, ಮರದ ವಯಸ್ಸೇ ಬೇರೆ. ನಿಮ್ಮ ಮನೆತನಕ್ಕೂ ನಿಮ್ಮ ವಯಸ್ಸಿಗೂ ಇರುವ ಹಾಗೆ.

ನಾನೂರು ವರ್ಷವೆಂದೇ ಇಟ್ಟುಕೊಳ್ಳೋಣ. ಅದೇನು ಸಾಮಾನ್ಯವೇ? ಆ ಮರ ಎಳೆಯ ಗಿಡವಾಗಿದ್ದಾಗ ದೇವನಹಳ್ಳಿಯಲ್ಲಿ ಆವತಿಯ ನಾಡಪ್ರಭುಗಳ ಆಳ್ವಿಕೆ. ಅವರ ಮೂಲಪುರುಷ ರಣಭೈರೇಗೌಡ ಕಂಚಿಯ ಸೀಮೆಯಿಂದ ಬಂಡಿ ಕಟ್ಟಿಕೊಂಡು ಬಂದು ಆವತಿಯ ಬೆಟ್ಟದ ತಪ್ಪಲಲ್ಲಿ ಬೀಡುಬಿಟ್ಟನೆಂದು ಹೇಳಿಕೆ. ಮಲ್ಲಭೈರೇಗೌಡ 1501ರಲ್ಲಿ ದೇವನಹಳ್ಳಿಗೆ ಮಣ್ಣಿನ ಕೋಟೆ ಹಾಕಿಸಿದ. 1595ರಲ್ಲಿ ಸುಗಟೂರಿನ ತಮ್ಮೇಗೌಡ ಹೊಸಕೋಟೆಯ ಕೋಟೆ ಕಟ್ಟಿಸಿದ. 1749ರಲ್ಲಿ ಮೈಸೂರಿನ ದಂಡು ದೇವನಹಳ್ಳಿಗೆ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕುಳಿತಿತ್ತು. ಹೈದರ್ ಅಲಿ ಮೊದಲು ಹೆಸರು ತೆಗೆದದ್ದು ಆ ಯುದ್ಧದಲ್ಲೇ. ಮರುವರ್ಷ 1750ರಲ್ಲಿ ಅದೇ ಊರಲ್ಲಿ ಟಿಪ್ಪು ಹುಟ್ಟಿದ. 1791ರಲ್ಲಿ ಕಾರ್ನ್‌ವಾಲಿಸನ ಇಂಗ್ಲಿಷ್ ದಂಡು ಬಂದು ಆ ಕೋಟೆಯನ್ನು ಹಿಡಿಯಿತು. ಇಷ್ಟು ದಂಡುಗಳಿಗೂ ಸೌದೆ ಬೇಡವಾಗಿತ್ತೇ, ಬಂಡಿಯ ಗುಂಬಕ್ಕೆ ಮರ ಬೇಡವಾಗಿತ್ತೇ? ಹುಣಸೆಯ ಇದ್ದಲು ಸಿಡಿಮದ್ದಿಗೆ ಹೇಳಿ ಮಾಡಿಸಿದ್ದು. ಆದರೂ ನಲ್ಲೂರಿನ ತೋಪು ಉಳಿಯಿತು. ಕೋಟೆಗಳು ಕೈ ಬದಲಾದವು, ತೋಪು ನಿಂತಲ್ಲೇ ನಿಂತಿತು.

ಹೇಗೆ ಉಳಿಯಿತು? ಕಾವಲು ಇಟ್ಟದ್ದು ರಾಜರಲ್ಲ, ಊರಿನ ಜನ. ದೇವರ ತೋಪು, ಕೊಡಲಿ ಹಾಕಬಾರದು ಎಂಬ ಒಂದು ಮಾತೇ ಬೇಲಿಯಾಯಿತು. ಹುಣಸೇಮರದಲ್ಲಿ ದೆವ್ವವಿದೆ, ಅದರ ಕೆಳಗೆ ಮಲಗಬಾರದು ಎಂದು ನಮ್ಮ ಅಜ್ಜಿಯರು ಹೆದರಿಸುತ್ತಿದ್ದರಲ್ಲ, ಅದೂ ಒಂದು ಬೇಲಿಯೇ. ದೆವ್ವದ ಮಾತನ್ನು ನಂಬಬೇಕೆಂದು ನಾನು ಹೇಳುವುದಿಲ್ಲ. ದಟ್ಟ ನೆರಳು, ಮೇಲುಮಣ್ಣಿನ ತೇವವನ್ನೆಲ್ಲಾ ಹೀರುವ ಬೇರು, ಸದಾ ಉದುರುವ ಹುಳಿ ಎಲೆ ಇವುಗಳಿಂದ ಹುಣಸೆಯ ಕೆಳಗೆ ಪೈರು ಏಳುವುದಿಲ್ಲ. ಅದಕ್ಕೇ ಅದನ್ನು ಹೊಲದ ನಡುವೆ ಬಿಡದೆ ಬದುವಿಗೂ ತೋಪಿಗೂ ಹಾಕಿದರು. ತಿಳಿದವರು ಹಾಕಿದ ಕ್ರಮ ಅದು. ಆದರೆ ಎಷ್ಟೋ ಮರಗಳನ್ನು ಆ ದೆವ್ವ ಕೊಡಲಿಯಿಂದ ಕಾಪಾಡಿತು ಎಂಬುದನ್ನು ಒಪ್ಪಲೇಬೇಕು.

ಹುಣಸೆಯ ಕುಲದ ಮಾತನ್ನೂ ಇಲ್ಲಿ ಹೇಳಬೇಕು. ಈ ಮರ ನಮ್ಮದೇ ಎಂದು ನಾವು ತಿಳಿದಿದ್ದೇವೆ. ಅರಬರು ಇದಕ್ಕೆ ಇಟ್ಟ ಹೆಸರಿನ ಅರ್ಥವೂ 'ಹಿಂದೂದೇಶದ ಖರ್ಜೂರ' ಎಂದೇ. ಆದರೆ ಸಸ್ಯಶಾಸ್ತ್ರಜ್ಞರು ಹೇಳುವಂತೆ ಇದರ ತೌರು ಆಫ್ರಿಕಾ ಖಂಡ. ಅಲ್ಲಿಂದ ಇಲ್ಲಿಗೆ ಬಂದು ಎಷ್ಟೋ ಕಾಲವಾಯಿತು. ಉತ್ತರಪ್ರದೇಶದ ನರಹನ್ ಎಂಬಲ್ಲಿ ಅಗೆದಾಗ ಮೂರು ಸಾವಿರ ವರ್ಷಕ್ಕೂ ಹಿಂದಿನ ಹುಣಸೆಯ ಇದ್ದಲು ಸಿಕ್ಕಿದೆ. ಹೊರಗಿಂದ ಬಂದ ಮರ ನಮ್ಮ ಸಾರಿಗೆ ಹುಳಿಯಾಗಿ, ಗಾಣಕ್ಕೆ ಮರವಾಗಿ, ಒನಕೆಯಾಗಿ, ಕೊಡತಿಯಾಗಿ ಮನೆಯವರೇ ಆಗಿಬಿಟ್ಟಿತು. ಬೀಜವನ್ನೂ ನಾವು ಬಿಸಾಡಲಿಲ್ಲ. ಕಂಬಳಿ ನೇಯುವವರು ಹುಣಸೇಬೀಜವನ್ನು ಅರೆದು ಬೇಯಿಸಿ ಗಂಜಿ ಮಾಡಿ ನೂಲಿಗೆ ಹಚ್ಚುತ್ತಾರೆ, ಆಗ ಕಂಬಳಿ ಬಿಗಿಯಾಗುತ್ತದೆ, ಮಳೆ ತಡೆಯುತ್ತದೆ. ಬೀಜದ ಹಿಟ್ಟು ಇಂದಿಗೂ ಬಟ್ಟೆ ಗಿರಣಿಗಳಿಗೆ ಹೋಗುತ್ತದೆ.

ನಲ್ಲೂರಿನ ತೋಪಿನ ಬೆಲೆಯನ್ನು ಸರ್ಕಾರವೂ ಕಂಡುಕೊಂಡಿತು. 2002ರಲ್ಲಿ ದೇಶಕ್ಕೆ ಜೀವವೈವಿಧ್ಯ ಕಾಯಿದೆ ಬಂತು. ಅದರ 37ನೆಯ ಕಲಮಿನಂತೆ ರಾಜ್ಯ ಸರ್ಕಾರಗಳು ಅಪರೂಪದ ತಾಣಗಳನ್ನು ಪಾರಂಪರಿಕ ತಾಣವೆಂದು ಸಾರಬಹುದು. ಆ ಕಾಯಿದೆಯ ಪ್ರಕಾರ ಇಡೀ ಭಾರತದಲ್ಲೇ ಮೊಟ್ಟಮೊದಲು ಆ ಮನ್ನಣೆ ಪಡೆದದ್ದು ನಲ್ಲೂರಿನ ಹುಣಸೆ ತೋಪು, 2007ರಲ್ಲಿ. ಹಿಮಾಲಯದ ಕಾಡಿಗಲ್ಲ, ಸಹ್ಯಾದ್ರಿಯ ಕಾಡಿಗಲ್ಲ, ನಮ್ಮ ಬಯಲುಸೀಮೆಯ ಒಂದು ಹುಣಸೆ ತೋಪಿಗೆ! ದೇವನಹಳ್ಳಿಯವರು ಚಕ್ಕೋತದ ಹಣ್ಣಿಗೆ ಹೆಮ್ಮೆಪಡುತ್ತಾರೆ, ಪಡಬೇಕಾದದ್ದೇ. ಆದರೆ ಈ ತೋಪನ್ನು ಕಣ್ಣಾರೆ ನೋಡದವರು ಆ ತಾಲ್ಲೂಕಿನಲ್ಲೇ ಎಷ್ಟೋ ಮಂದಿ ಇದ್ದಾರೆ.

ಹಳೆಯ ಮರ ಹೇಗೆ ಬದುಕುತ್ತದೆ ಎಂಬುದಕ್ಕೆ ಇನ್ನೂ ಎರಡು ಮೂರು ನಿದರ್ಶನಗಳನ್ನು ಹೇಳುತ್ತೇನೆ. ಬೆಂಗಳೂರಿನ ಪಡುವಲಿಗೆ ರಾಮೋಹಳ್ಳಿಯ ಹತ್ತಿರ ಕೇತೋಹಳ್ಳಿಯ ದೊಡ್ಡ ಆಲದಮರ ಇದೆ. ಸುಮಾರು ಮೂರು ಎಕರೆ ಹರಡಿದೆ, ವಯಸ್ಸು ನಾನೂರು ಎನ್ನುತ್ತಾರೆ. ಅದರ ತಾಯಿಬುಡ ರೋಗಕ್ಕೆ ಸಿಕ್ಕಿ ಸತ್ತಿತು. ಆದರೆ ಬಿಳಲುಗಳು ನೆಲಕ್ಕಿಳಿದು ಬೇರೂರಿದ್ದರಿಂದ ಮರ ಬದುಕಿದೆ. ಕಲ್ಕತ್ತೆಯ ಸಸ್ಯೋದ್ಯಾನದ ದೊಡ್ಡ ಆಲದ್ದೂ ಇದೇ ಕಥೆ. ಅಣಬೆರೋಗ ಹತ್ತಿದ ಅದರ ತಾಯಿಬುಡವನ್ನು 1925ರಲ್ಲಿ ತೆಗೆದುಹಾಕಿದರು, ಮರ ಇನ್ನೂ ಬೆಳೆಯುತ್ತಲೇ ಇದೆ. ನಮ್ಮ ಬಾಗೇಪಲ್ಲಿಯ ಗಡಿ ದಾಟಿ ಆಂಧ್ರದ ಕದಿರಿಯ ಕಡೆಗೆ ಹೋದರೆ ತಿಮ್ಮಮ್ಮ ಮರ್ರಿಮಾನು ಎಂಬ ಆಲ ಸಿಕ್ಕುತ್ತದೆ. ಅದರ ನೆರಳೇ ಐದು ಎಕರೆಯ ಹತ್ತಿರ. ಬೆಂಗಳೂರಿನ ಪತ್ರಕರ್ತ ರಿಗ್ರೆಟ್ ಅಯ್ಯರ್ ಅವರು ಅದನ್ನು ಲೋಕಕ್ಕೆ ತೋರಿಸಿಕೊಟ್ಟರು. 1989ರಲ್ಲಿ ಅದು ಗಿನ್ನೆಸ್ ದಾಖಲೆಯ ಪುಸ್ತಕಕ್ಕೆ ಸೇರಿತು. ತೆಲುಗುಸೀಮೆಯ ಮರಕ್ಕೆ ಕನ್ನಡನಾಡಿನವರು ಸಾಕ್ಷಿ. ಮರಕ್ಕೆ ಗಡಿಯಿಲ್ಲ ನೋಡಿ.

ಹಾವೇರಿ ಜಿಲ್ಲೆಯ ಸವಣೂರಿನದು ಇನ್ನೊಂದು ಬಗೆ. ಅಲ್ಲಿ ಮಠದ ಅಂಗಳದಲ್ಲಿ ಮೂರು ಭಾರಿ ಮರಗಳಿವೆ. ಜನ ಅವಕ್ಕೆ ದೊಡ್ಡಹುಣಸೆ ಎನ್ನುತ್ತಾರೆ. ನಿಜವಾಗಿ ಅವು ಹುಣಸೆಯಲ್ಲ, ಆಫ್ರಿಕಾದ ಬಾವೊಬಾಬ್ ಎಂಬ ಜಾತಿ. 2023ರ ಜುಲೈ ತಿಂಗಳ ಮಳೆಗೆ ಅದರಲ್ಲಿ ಒಂದು ಬುಡಸಮೇತ ಮಗುಚಿಬಿತ್ತು. ಸೌದೆಗೆ ಆಯಿತು ಎಂದು ಕೈತೊಳೆದುಕೊಳ್ಳದೆ ಅದನ್ನು ಎತ್ತಿ ನಿಲ್ಲಿಸಿ ಮತ್ತೆ ನೆಟ್ಟರು. ಬಿದ್ದ ಮರ ಸತ್ತ ಮರವಲ್ಲ ಎಂಬುದನ್ನು ತಿಳಿದವರು ಮಾಡುವ ಕೆಲಸ ಅದು.

ಇನ್ನು ಕಷ್ಟದ ಮಾತಿಗೆ ಬರೋಣ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ತೆರೆಯಿತು. ಅಂದಿನಿಂದ ಈ ಸೀಮೆಯ ನೆಲದ ಬೆಲೆ ಎಲ್ಲಿಗೆ ಏರಿತೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ಕೈಗಾರಿಕೆಗೆ ಹಿಡಿಯಲು ಸರ್ಕಾರ ಹೊರಟಾಗ, ರೈತರು ಮೂರು ವರ್ಷಕ್ಕೂ ಮೇಲೆ ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತೆಂದು ಮುಖ್ಯಮಂತ್ರಿಗಳು ಸಾರಿದರು. ಮಾರುವುದೋ ಇಟ್ಟುಕೊಳ್ಳುವುದೋ ಅದು ಒಂದೊಂದು ಮನೆಯವರೂ ತಮ್ಮ ಕಷ್ಟಸುಖ ನೋಡಿ ಮಾಡುವ ತೀರ್ಮಾನ. ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಆದರೆ ಒಂದು ಸಂಗತಿ ಕಂಡದ್ದು ಹೇಳುತ್ತೇನೆ. ನೆಲ ಕೈ ಬದಲಾದಾಗ ಮೊದಲು ಉರುಳುವುದು ಬದುವಿನ ಮರ. ಎರಡನೆಯದು ಊರ ಗುಂಡುತೋಪು. ಗುಂಡುತೋಪು ಯಾರೊಬ್ಬರದೂ ಅಲ್ಲ ಎಂದು ಸುಮ್ಮನಿದ್ದರೆ, ಅದು ಬೇಗ ಯಾರೋ ಒಬ್ಬರದಾಗಿಬಿಡುತ್ತದೆ.

ನಲ್ಲೂರಿನ ತೋಪಿಗೂ ಮನ್ನಣೆ ಬಂತೆಂದು ಎಲ್ಲಾ ಸುಖವಾಗಿಲ್ಲ. ಮುದಿಮರಗಳಿಗೆ ಗೆದ್ದಲು, ಬಿರುಗಾಳಿ. ಎಳೆಯ ಸಸಿ ಏಳುವಷ್ಟರಲ್ಲಿ ದನಕರು ಮೇಯ್ದರೆ ಮುಂದಿನ ತಲೆಮಾರು ಎಲ್ಲಿಂದ ಬರಬೇಕು? ಬೋರ್ಡು ಹಾಕಿದ ಮಾತ್ರಕ್ಕೆ ಮರ ಉಳಿಯುವುದಿಲ್ಲ. ಊರು ಕಾದರೆ ಮರ ಉಳಿಯುತ್ತದೆ.

ಊರು ಏನು ಮಾಡಬಹುದು? ನಾಲ್ಕು ಕೆಲಸ ಹೇಳುತ್ತೇನೆ. ಒಂದೂ ದೊಡ್ಡ ಖರ್ಚಿನದಲ್ಲ.

ಮೊದಲನೆಯದು, ಬರೆದಿಡುವುದು. ಅದೇ ಜೀವವೈವಿಧ್ಯ ಕಾಯಿದೆಯ ಪ್ರಕಾರ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ, ತಳಿ, ಔಷಧಿ ಸೊಪ್ಪುಗಳ ದಾಖಲೆಯ ಪುಸ್ತಕವನ್ನು ಅದು ಇಡಬೇಕು. ನಿಮ್ಮ ಪಂಚಾಯತಿಗೆ ಹೋಗಿ ಆ ಪುಸ್ತಕ ತೋರಿಸಿ ಎಂದು ಕೇಳಿ. ನಿಮ್ಮೂರ ಹಳೆಯ ಮರಗಳು, ಕಟ್ಟೆಯ ಅರಳಿ, ಕೆರೆ ಏರಿಯ ಹೊಂಗೆ, ತೋಪಿನ ಹುಣಸೆ ಅದರಲ್ಲಿ ಸೇರಿವೆಯೇ ನೋಡಿ. ಇಲ್ಲದಿದ್ದರೆ ಸೇರಿಸಿ. ಗಂಗರು ತಾಮ್ರದ ತಗಡಿನಲ್ಲಿ ಬರೆಯಿಸಿದ್ದನ್ನು ನೀವು ಕಾಗದದಲ್ಲಿ ಬರೆಯಿಸಿ, ಅಷ್ಟೆ. ಗುಂಡುತೋಪಿನ ಸರ್ವೆ ನಂಬರು, ವಿಸ್ತೀರ್ಣ, ಎಲ್ಲೆಕಲ್ಲು ಇವನ್ನೂ ಒಮ್ಮೆ ಅಳತೆ ಮಾಡಿಸಿ ಗೊತ್ತುಮಾಡಿಕೊಳ್ಳಿ.

ಎರಡನೆಯದು, ಮುದಿಮರದ ಆರೈಕೆ. ಹುಣಸೆಗೆ, ಮಾವಿಗೆ, ಹೊಂಗೆಗೆ ಬಂದಳಿಕೆ ಹತ್ತುತ್ತದೆ. ಅದು ಮರದ ರಸ ಹೀರಿ ಕೊಂಬೆ ಒಣಗಿಸುತ್ತದೆ. ಅದು ಹೂಬಿಟ್ಟು ಹಣ್ಣಾಗುವ ಮೊದಲೇ, ಹತ್ತಿದ ಜಾಗಕ್ಕಿಂತ ಒಂದು ಅಡಿ ಕೆಳಗೆ ಕೊಂಬೆಯನ್ನು ಕೊಯ್ದುಹಾಕಿ. ಹಣ್ಣಾದರೆ ಹಕ್ಕಿಗಳು ತಿಂದು ಬೇರೆ ಮರಕ್ಕೂ ಅಂಟಿಸುತ್ತವೆ. ಮರದ ಬುಡದಲ್ಲಿ ಕಸ ಸುಡಬೇಡಿ, ಟೊಳ್ಳಿನಲ್ಲಿ ಬೆಂಕಿ ಹಾಕಲೇಬೇಡಿ. ಒಳಗಿನ ಟೊಳ್ಳು ಮರವನ್ನು ಕೊಲ್ಲುವುದಿಲ್ಲ, ಹೊರಗಿನ ತೊಗಟೆ ಸುಟ್ಟರೆ ಮರ ಸಾಯುತ್ತದೆ.

ಮೂರನೆಯದು, ಹೊಸ ಸಸಿ. ಬೀಜದಿಂದ ಬಂದ ಹುಣಸೆ ಎಂಟು ಹತ್ತು ವರ್ಷಕ್ಕೆ ಫಲಕ್ಕೆ ಬಂದರೆ, ಕಸಿ ಗಿಡ ನಾಲ್ಕೈದು ವರ್ಷಕ್ಕೇ ಬಿಡುತ್ತದೆ. ತೋಪು ಹಾಕುವುದಾದರೆ ಗಿಡದಿಂದ ಗಿಡಕ್ಕೆ 10 ಮೀಟರು ಬಿಡಿ, ಎಕರೆಗೆ 40 ಗಿಡ ಹಿಡಿಯುತ್ತವೆ. ಬದುವಿನಲ್ಲಿ ಹಾಕುವಾಗ ಪಕ್ಕದ ಹೊಲದವರನ್ನು ಕೇಳಿ ಹಾಕಿ. ನೆರಳು ಅವರ ಕಡೆಗೂ ಬೀಳುತ್ತದೆ. ಜಗಳ ತಪ್ಪಿಸುವ ಮರವೇ ಜಗಳಕ್ಕೆ ಕಾರಣವಾಗಬಾರದು. ಊರಲ್ಲಿ ಒಳ್ಳೆಯ ತಿರುಳಿನ ಹಳೆಯ ಮರವಿದ್ದರೆ ಅದರ ಕಡ್ಡಿ ತಂದು ಕಸಿ ಕಟ್ಟಿ. ಮುದಿಮರ ಬಿದ್ದುಹೋದರೂ ಅದರ ಗುಣ ನಿಮ್ಮ ಹೊಲದಲ್ಲಿ ಉಳಿಯುತ್ತದೆ.

ನಾಲ್ಕನೆಯದು, ಬಾಯಿಬಿಟ್ಟು ಕೇಳುವುದು. ನೆಲಮಂಗಲಕ್ಕೆ ಹೊಂದಿಕೊಂಡಿರುವ ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರನ್ನು ಎಲ್ಲರೂ ಬಲ್ಲಿರಿ. ಓದುಬರಹ ಇಲ್ಲದ ಕೂಲಿಯ ಹೆಂಗಸು, ಮಕ್ಕಳಿಲ್ಲದ ಗಂಡಹೆಂಡಿರು, ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ನಾಲ್ಕು ಕಿಲೋಮೀಟರು ದಾರಿಯಲ್ಲಿ 385 ಆಲದ ಸಸಿ ನೆಟ್ಟು, ನೀರು ಹೊತ್ತು ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲ ಮಾಡುವ ಯೋಜನೆಯಿಂದ ಆ ಮರಗಳಿಗೇ ಕುತ್ತು ಬಂದಾಗ, ಆ ಮುದಿತಾಯಿ ಸರ್ಕಾರದ ಮುಂದೆ ಹೋಗಿ, ಇವು ನನ್ನ ಮಕ್ಕಳು, ಕಡಿಯಬೇಡಿ ಎಂದು ಕೇಳಿದರು. ಮರಗಳು ಉಳಿದವು. 2025ರ ನವೆಂಬರ್ 14ರಂದು ತಿಮ್ಮಕ್ಕ ತೀರಿಕೊಂಡರು. ಆಲಗಳು ದಾರಿಗೆ ನೆರಳು ಕೊಡುತ್ತಾ ನಿಂತಿವೆ. ಒಬ್ಬ ತಾಯಿ ಕೇಳಿದ್ದಕ್ಕೆ 385 ಮರ ಉಳಿದರೆ, ಒಂದು ಊರೇ ಕೇಳಿದರೆ ಎಷ್ಟು ಉಳಿಯಲಾರವು?

ಕಡೆಯ ಮಾತು. ಸುಗ್ಗಿ ಮುಗಿದು ಬಿಡುವಾದಾಗ, ಹುಣಸೆ ಬಡಿಯುವ ಕಾಲಕ್ಕೆ, ಮಕ್ಕಳನ್ನು ಕರೆದುಕೊಂಡು ಒಂದು ದಿನ ನಲ್ಲೂರಿಗೆ ಹೋಗಿ ಬನ್ನಿ. ತೋಪಿನ ನಡುವೆ ಬುತ್ತಿ ಬಿಚ್ಚಿ. ಬುಡವನ್ನು ನಾಲ್ಕು ಜನ ಕೈ ಹಿಡಿದು ತಬ್ಬಿದರೂ ಸುತ್ತು ಸಾಲುತ್ತದೆಯೋ ಇಲ್ಲವೋ ಎಂದು ಮಕ್ಕಳೇ ಅಳೆದು ನೋಡಲಿ. ಬರುವಾಗ ಕಾಯಿ, ಕಡ್ಡಿ ಏನೂ ಮುರಿದು ತರಬೇಡಿ. ಮನೆಗೆ ಬಂದ ಮೇಲೆ ಆ ಮಕ್ಕಳನ್ನೇ ನಿಮ್ಮ ಹೊಲಕ್ಕೆ ಕರೆದುಕೊಂಡು ಹೋಗಿ, ಎಲ್ಲೆಯ ಮರವನ್ನು ತೋರಿಸಿ, ಇದನ್ನು ನೆಟ್ಟವರು ಯಾರು, ಇದರ ಕೆಳಗೆ ಯಾವ ಮಾತುಕತೆ ಆಯಿತು, ಯಾವ ಜಗಳ ಮುಗಿಯಿತು ಎಂದು ಹೇಳಿ. ಹೇಳುವುದಕ್ಕೆ ಮರವೇ ಉಳಿದಿಲ್ಲವಾದರೆ, ಮುಂದಿನ ಮಳೆಗೆ ಅಲ್ಲೇ ಒಂದು ಗುಣಿ ತೆಗೆಯಿರಿ.

ಹುಣಸೆ ಮುಪ್ಪಾದರೆ ಹುಳಿಗೆ ಮುಪ್ಪೇ ಎಂದು ಹಿರಿಯರು ಗಾದೆ ಮಾಡಿದ್ದಾರೆ. ಮರಕ್ಕೆ ಎಷ್ಟು ವಯಸ್ಸಾದರೂ ಅದು ತನ್ನ ಗುಣ ಬಿಡಲಿಲ್ಲ. ಅದನ್ನು ಕಾಯುವ ಗುಣವನ್ನು ನಾವೂ ಬಿಡದಿರೋಣ.